ಎಡಗಡೆಯ ಬಾಗಿಲನ್ನು ಮುಟ್ಟಬೇಡಿ

ಪಾರಂಪರಿಕ ವಾಹನಗಳ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನಗೆ ಮದುವೆಯಾಯಿತು. ಈ ಸುದ್ದಿಯನ್ನು ಕಂಡಕಂಡವರಿಗೆಲ್ಲ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ನಿಮ್ಮನ್ನು ಮಾತ್ರ ಯಾಕೆ ಬಿಡಲಿ? ಗಂಡ ಒಳ್ಳೆಯವನು, ನೋಡಲು ಚೆಂದ, ಚಹಾ ನನಗಿಂತ ಚೆನ್ನಾಗಿ ಮಾಡುತ್ತಾನೆ. ಆದರೆ ಹೋದ ವಾರ ನಿಮ್ಮ ಕಚೇರಿಯ ಅಂಗಳದಲ್ಲಿ ನಮ್ಮ ಕಾರಿನ ಬಲಗಡೆಯನ್ನು ಪೂರ್ತಿ ಉಜ್ಜಿ, ನೆಗ್ಗುಗಳನ್ನು ಬಡಿದು ಸಮ ಮಾಡಿ, ಮಿರಮಿರ ಮಿಂಚುವ ಬಣ್ಣ ಹೊಡೆದಿದ್ದನ್ನು ನೋಡಿ ಬಂದೆವು. ಅಂದಿನಿಂದ ನನ್ನ ಸಂತೋಷ ಪಕ್ಕದ ಮನೆಯ ರೇಡಿಯೋದಂತಾಗಿದೆ. ಹಾಡುವುದು ಕೇಳಿಸುತ್ತದೆ, ನನಗಾಗಿ ಹಾಡುತ್ತಿದೆ ಅನಿಸುವುದಿಲ್ಲ. ಸಿಟ್ಟೂ ಬರುತ್ತಿಲ್ಲ. ಸಿಟ್ಟು ಬಂದಿದ್ದರೆ ಈ ಪತ್ರ ಇನ್ನೂ ಚೆನ್ನಾಗಿರುತ್ತಿತ್ತು.

ಆ ಕಾರು ನನ್ನ ಅತ್ತೆಯದು. ನಾನು ಅವರನ್ನು ನೋಡಿಲ್ಲ. ನನ್ನ ಗಂಡ ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಅವರು ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದರು. ಸ್ಟೀರಿಂಗ್ ಹಿಡಿದು ನಡುಗುವವರು ಬಲಗಡೆ, ಅತ್ತೆ ಎಡಗಡೆ, ಅವರ ಕಾಲಬುಡದಲ್ಲಿ ಇನ್ನೊಂದು ಬ್ರೇಕು. ಅವರು ಹೋದ ಮೇಲೆ ಕಾರನ್ನು ಸಂಬಂಧಿಕರ ಗೋದಾಮಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದವರು ಹಾಗೇ ಮರೆತುಬಿಟ್ಟರು. ನಮ್ಮ ಮದುವೆಗೆ ಸ್ವಲ್ಪ ಮುಂಚೆ ಗೋದಾಮು ಮಾರಾಟವಾಗಿ, ಖಾಲಿ ಗೋಣಿಚೀಲಗಳ ರಾಶಿಯ ಹಿಂದೆ ಅದು ಸಿಕ್ಕಿತು. ಟೈರುಗಳು ನೆಲಕ್ಕಂಟಿದ್ದವು, ಹೆಡ್‌ಲೈಟಿನೊಳಗೆ ಇಲಿ ಸಂಸಾರ ಹೂಡಿತ್ತು. ನಾನು ಉತ್ಸಾಹ ತಡೆಯಲಾರದೆ ಬಕೆಟ್ಟು ಹುಡುಕಲು ಹೊರಟೆ. ಗಂಡ ಕೈ ಹಿಡಿದು ನಿಲ್ಲಿಸಿದ.

"ನೀರು ಹಾಕ್ಬೇಡ ಮಾರಾಯ್ತಿ. ತೊಳೆದ್ರೆ ಅಮ್ಮನೂ ಹೋಗ್ಬಿಡ್ತಾಳೆ."

ಅವನದು ಕನ್ನಡಕದ ಅಂಗಡಿ. ಮಸೂರ ಒರೆಸುವ ಮೆತ್ತನೆ ಬ್ರಷ್ಷನ್ನೇ ತಂದು, ಧೂಳನ್ನು ಒಂದೊಂದೇ ಪದರವಾಗಿ ತೆಗೆದ. ತೆಗೆಯುತ್ತ ತೆಗೆಯುತ್ತ ಮಾತಾಡಿದ. ಅಮ್ಮನ ಬಗ್ಗೆ ಅವನು ಬಾಯಿ ಬಿಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಾಲೆ ಬಿಟ್ಟ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದನಂತೆ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಎಡಗಡೆಯ ಕಿಟಕಿಯ ಮೇಲಿಟ್ಟ ಅಮ್ಮನ ಮೊಣಕೈ. ಆ ಜಾಗದಲ್ಲಿ ಬಾಗಿಲಿನ ಬಣ್ಣ ಸವೆದು ತಗಡು ಹೊಳೆಯುತ್ತಿದೆ. ನಾನು ನನ್ನ ಮೊಣಕೈಯನ್ನು ಅಲ್ಲಿಟ್ಟು ನೋಡಿದೆ. ಅತ್ತೆ ನನಗಿಂತ ಕುಳ್ಳಗಿದ್ದಿರಬೇಕು.

ಮದುವೆಯ ಊಟದ ದಿನ ಕಾರನ್ನು ಎಳೆಸಿಕೊಂಡು ಹೋಗಿ ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿದ್ದೆವು. ಅತ್ತೆಯ ಹಳೆಯ ಶಿಷ್ಯೆಯರು ನಮಗೆ ಶುಭಾಶಯ ಹೇಳುವುದನ್ನೂ ಬಿಟ್ಟು ಅದರ ಸುತ್ತ ನೆರೆದರು. ನಿವೃತ್ತ ನರ್ಸ್ ಒಬ್ಬರು ಬಲಗಡೆಯ ಮಡ್‌ಗಾರ್ಡ್ ಸವರುತ್ತ ನನ್ನನ್ನು ಕರೆದರು.

"ಬಾಮ್ಮ ಇಲ್ಲಿ. ಈ ನೆಗ್ಗು ನಂದು. ಹಾಲಿನ ಬೂತಿನ ಗೋಡೆಗೆ ಗುದ್ದಿದ್ದು."

"ಅತ್ತೆ ಬೈದ್ರಾ?"

"ಬೈಲಿಲ್ಲ. 'ಕಾರು ನಾನು ನೋಡ್ಕೋತೀನಿ, ನೀನು ಹೋಗಿ ಗೋಡೆಗೆ ಸಾರಿ ಕೇಳು' ಅಂದ್ರು. ಕೇಳ್ದೆ ಕಣಮ್ಮ, ಎಲ್ಲರ ಮುಂದೆ."

"ನಿಂದೇನು ಮಹಾ," ಎಂದು ದರ್ಜಿಯಮ್ಮ ಅವರನ್ನು ಪಕ್ಕಕ್ಕೆ ಸರಿಸಿದರು. "ಇಲ್ನೋಡಿ ನಂದು, ಬಾಗಿಲು ಪೂರ್ತಿ ಗೆರೆ. ಟೇಪು ಹಿಡಿದು ಎಳೆದ ಹಾಗಿದೆ."

ಅತ್ತೆ ಒಂದು ನೆಗ್ಗನ್ನೂ ಸರಿಮಾಡಿಸುತ್ತಿರಲಿಲ್ಲವಂತೆ. ಹೊಸಬರು ಬಂದ ಕೂಡಲೇ ಕಾರಿನ ಸುತ್ತ ಕರೆದುಕೊಂಡು ಹೋಗಿ, ಇದು ಇಂಥವಳದು, ಈಗ ಅವಳು ಊರೆಲ್ಲ ಓಡಿಸುತ್ತಾಳೆ ಎಂದು ತೋರಿಸುತ್ತಿದ್ದರಂತೆ. ಅದೇ ಮೊದಲ ಪಾಠ. ಆ ಪಾಠವನ್ನೇ ನಿಮ್ಮವರು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದಾರೆ.

ಕಾರು ರಸ್ತೆಗಿಳಿಯಲು ನಿಮ್ಮ ಪ್ರಮಾಣಪತ್ರ ಬೇಕೆಂದು ತಪಾಸಣೆಗೆ ಒಪ್ಪಿಸಿದ್ದೆವು. ನಿಮ್ಮ ನಿಯಮದ ಪ್ರಕಾರ ಪಾರಂಪರಿಕ ವಾಹನ ಕಾರ್ಖಾನೆಯಿಂದ ಹೊರಬಂದ ದಿನದಂತೆಯೇ ಇರಬೇಕಂತೆ. ಕೇಳಲು ಹೋದಾಗ ನಿಮ್ಮ ಸಹಾಯಕರು ಕುರ್ಚಿ ಕೊಟ್ಟು ಬಹಳ ಮರ್ಯಾದೆಯಿಂದ ಮಾತಾಡಿದರು. ಅದೇ ತೊಂದರೆಯಾಯಿತು; ಜಗಳವಾಡಲು ಜಾಗವೇ ಸಿಗಲಿಲ್ಲ.

"ನಿಮಗೆ ಸುತ್ತಾಟ ತಪ್ಪಲಿ ಅಂತ ನಾವೇ ಮಾಡಿಸ್ತಿದೀವಿ ಮೇಡಂ. ಶುಕ್ರವಾರ ಎಡಗಡೆನೂ ಮುಗಿಸಿ, ಆ ಎಕ್ಸ್‌ಟ್ರಾ ಬ್ರೇಕ್ ಕತ್ತರಿಸಿಬಿಡ್ತೀವಿ. ಅದು ಕಂಪನಿಯವರು ಕೊಟ್ಟಿದ್ದಲ್ಲ."

ಹೌದು, ಕಂಪನಿಯವರು ಕೊಟ್ಟಿದ್ದಲ್ಲ. ಕಂಪನಿಯವರು ನನ್ನ ಅತ್ತೆಯನ್ನೂ ಕೊಟ್ಟಿರಲಿಲ್ಲ. ಕಾರ್ಖಾನೆ ಬಿಟ್ಟ ದಿನದ ಕಾರೇ ಬೇಕಿದ್ದರೆ ಹಳೆಯ ಜಾಹೀರಾತೊಂದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದಿತ್ತಲ್ಲವೇ? ನಿಮ್ಮ ಕಚೇರಿಯ ಕಟ್ಟಡಕ್ಕೂ ಪಾರಂಪರಿಕ ಎಂಬ ಫಲಕವಿದೆ. ಅದರ ಕಲ್ಲು ಮೆಟ್ಟಿಲುಗಳು ನಡುವೆ ತಗ್ಗಾಗುವಷ್ಟು ಸವೆದಿವೆ. ಆ ತಗ್ಗಿಗೆ ಸಿಮೆಂಟು ತುಂಬಿಸಿ ಎಂದು ಯಾರೂ ಆದೇಶ ಹೊರಡಿಸಿಲ್ಲ. ಪ್ರವಾಸಿಗಳು ಅದರ ಫೋಟೋ ತೆಗೆಯುತ್ತಾರೆ. ಕಲ್ಲಿಗೆ ಸಿಗುವ ಗೌರವ ತಗಡಿಗೆ ಯಾಕಿಲ್ಲ? ನಿಮ್ಮ ನಿಯಮವನ್ನೇ ಮದುವೆ ನೋಂದಣಿಗೂ ತಂದಿದ್ದರೆ, ನನ್ನ ಗಂಡನನ್ನು ಹುಟ್ಟಿದ ದಿನದ ಸ್ಥಿತಿಯಲ್ಲಿ ಎತ್ತಿಕೊಂಡು ಹೋಗಿ ಸಹಿ ಹಾಕಿಸಬೇಕಾಗಿತ್ತು.

ಇದನ್ನು ಅವನಿಗೆ ಹೇಳಿದೆ. ನಗಲಿಲ್ಲ. ಅಂದು ನಿಮ್ಮ ಅಂಗಳದಲ್ಲಿ ಹೊಸ ಬಣ್ಣದಲ್ಲಿ ತನ್ನ ಮುಖ ಕಂಡು, "ಚೆನ್ನಾಗೇ ಇದೆ ಬಿಡು" ಎಂದವನು, ಮತ್ತೆ ಅಮ್ಮನ ಮಾತೆತ್ತಿಲ್ಲ. ನಾನಾಗಿ ಕೇಳಿದರೆ "ನೆನಪಿಲ್ಲ" ಎನ್ನುತ್ತಾನೆ. ಬ್ರಷ್ಷು ಅಂಗಡಿಗೆ ವಾಪಸು ಹೋಗಿದೆ. ನಾವಿಬ್ಬರೂ ಒಬ್ಬರಿಗೊಬ್ಬರು ತುಂಬಾ ಒಳ್ಳೆಯವರಾಗಿ, ಆಸ್ಪತ್ರೆಯಲ್ಲಿ ಕಾಯುವವರ ಹಾಗೆ ಊಟ ಮಾಡುತ್ತೇವೆ.

ಬಲಗಡೆಯನ್ನು ನೀವು ಮರಳಿ ಕೊಡಲಾರಿರಿ, ಕೇಳುವುದಿಲ್ಲ. ಎಡಗಡೆಯ ಬಾಗಿಲಿಗೆ ಉಪ್ಪುಕಾಗದ ಉಜ್ಜಬೇಡಿ. ಆ ಬ್ರೇಕನ್ನು ಕತ್ತರಿಸಬೇಡಿ. ಸಿಕ್ಕ ಸ್ಥಿತಿಯಲ್ಲೇ ಉಳಿಸಿಕೊಂಡ ವಾಹನಗಳಿಗೂ ನಿಮ್ಮ ನಿಯಮದಲ್ಲಿ ಒಂದು ಸಾಲು ಸೇರಿಸಿ. ಅಲ್ಲಿಯವರೆಗೆ ಪ್ರಮಾಣಪತ್ರ ಬೇಡ. ಕಾರನ್ನು ಹಾಗೇ ಎಳೆಸಿಕೊಂಡು ಹೋಗುತ್ತೇವೆ. ಶಾಲೆಯಲ್ಲಿ ನಾನು ಕಲಿತ ದೂರಿನ ಪತ್ರಗಳೆಲ್ಲ ಇಂಗ್ಲಿಷಿನವು, ಎಲ್ಲವೂ ಧನ್ಯವಾದದಿಂದ ಮುಗಿಯುತ್ತಿದ್ದವು. ಧನ್ಯವಾದವನ್ನು ಸದ್ಯ ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಶುಕ್ರವಾರಕ್ಕೆ ಕಾಯದೆ, ಗುರುವಾರ ಮಧ್ಯಾಹ್ನದ ಪ್ಯಾಸೆಂಜರ್ ರೈಲಿನಲ್ಲಿ ನಿಮ್ಮೂರಿಗೆ ಬಂದಿಳಿಯುತ್ತೇನೆ.

ಇಂತಿ,
ಕಾಣದ ಅತ್ತೆಯ ಎಡಭಾಗವನ್ನಾದರೂ ಉಳಿಸಿಕೊಳ್ಳಲು ಹೊರಟ ಹೊಸ ಸೊಸೆ