ಸೂಬಾ ಕಪ್ಪಿನ ಆ ಗೋಲು

ಮೈಲೂರ, ಬೀದರ
೧೬ ಜೂನ್ ೧೯೫೭, ರವಿವಾರ

ಪ್ರೀತಿಯ ಗೆಳೆಯ ಕಾಶೀರಾಮನಿಗೆ ಮಡೆಪ್ಪನ ಶರಣಾರ್ಥಿ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮನೆಯವರೆಲ್ಲ ಕ್ಷೇಮವಾಗಿಯೇ ಇದ್ದಾರೆ. ನನಗೆ ಮಾತ್ರ ಎಂಟು ದಿನದಿಂದ ಊಟ ಸೇರುತ್ತಿಲ್ಲ. ನಿನ್ನ ಕನಿಕರ ಗಿಟ್ಟಿಸಲು ಹೀಗೆ ಬರೆಯುತ್ತಿಲ್ಲ. ಅದಕ್ಕೆ ನಾನು ಯೋಗ್ಯನಲ್ಲ ಎನ್ನುವುದು ಮುಂದೆ ನಿನಗೇ ಗೊತ್ತಾಗುತ್ತದೆ.

ನಿನಗೆ ಓದಲು ಬರುವುದಿಲ್ಲ. ಈ ಕಾಗದವನ್ನು ನಿಮ್ಮ ಖಟಕ ಚಿಂಚೋಳಿ ಶಾಲೆಯ ಗೋರಖನಾಥ ಮಾಸ್ತರರೇ ಓದಿ ಹೇಳಬೇಕು. ಹಾಗಾಗಿ ನನ್ನ ಮಾನ ಇಬ್ಬರ ಮುಂದೆ ಹೋಗುತ್ತದೆ, ಹೋಗಲಿ. ಮಾಸ್ತರರೇ, ನನ್ನ ಮೇಲೆ ಮರುಕಪಟ್ಟು ಒಂದು ಸಾಲನ್ನೂ ಹಾರಿಸಬೇಡಿರಿ.

ಹೋದ ನವೆಂಬರಿನಲ್ಲಿ ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಅದಾದ ಎರಡು ತಿಂಗಳಿಗೆ ಮೈಸೂರು ಸೀಮೆಯ ಒಂದು ಬಟ್ಟೆ ಗಿರಣಿಯಿಂದ ನಮ್ಮ ಚೌಬಾರಾ ಕ್ಲಬ್ಬಿಗೆ ಕಾಗದ ಬಂತು. ಗಿರಣಿಯವರು ಫುಟ್‌ಬಾಲ್ ತಂಡ ಕಟ್ಟಿದ್ದಾರೆ. ಆಟಗಾರರಿಗೆ ತಿಂಗಳ ಪಗಾರ, ಇರಲು ಖೋಲಿ, ಆಡುವುದೇ ಕೆಲಸ. ಹೊಸದಾಗಿ ಸೇರಿದ ಜಿಲ್ಲೆಗಳಿಂದ ಒಬ್ಬೊಬ್ಬ ಆಟಗಾರ ಬೇಕು, ನಿಮ್ಮ ಕ್ಲಬ್ಬಿನ ಚರಿತ್ರೆಯನ್ನೂ ಗೆಲುವುಗಳನ್ನೂ ಕನ್ನಡದಲ್ಲಿ ಬರೆದು ಕಳಿಸಿರಿ ಎಂದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ನಿಮ್ಮ ಸೀಮೆಯ ಜಿಲ್ಲೆಗಳೆಲ್ಲ ಆಡುವ ಸೂಬಾ ಕಪ್ಪಿನ ಫೈನಲಿನಲ್ಲಿ ಗೋಲು ಹೊಡೆದವನನ್ನೇ ತೆಗೆದುಕೊಳ್ಳುವ ಮನಸ್ಸಿದೆ, ಅವನ ಹೆಸರು ತಿಳಿಸಿರಿ. ನಮ್ಮ ಸೆಕ್ರೆಟರಿ ಫಕ್ರೋದ್ದೀನ ಸಾಹೇಬರಿಗೆ ಕನ್ನಡ ಓದಲು ಬರುವುದಿಲ್ಲ. ಓದಿ ಹೇಳಿದವನು ನಾನು. ಆ ಕೊನೆಯ ಸಾಲನ್ನು ಮಾತ್ರ ಅವರಿಗೆ ಓದಿ ಹೇಳಲಿಲ್ಲ.

ಕ್ಲಬ್ಬು ಹುಟ್ಟಿದ್ದು ಮೂವತ್ತೆಂಟರಲ್ಲಿ. ಅಂದಿನಿಂದ ಪ್ರತಿಯೊಂದು ಆಟವನ್ನೂ ಸಾಹೇಬರು ಉರ್ದುವಿನಲ್ಲಿ ಬರೆದಿಟ್ಟಿದ್ದಾರೆ. ನಾನು ಶಾಲೆಯಲ್ಲಿ ಉರ್ದು ಕಲಿತವನು, ಮಠದಲ್ಲಿ ಕನ್ನಡ ಕಲಿತವನು. ಕನ್ನಡಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೇ ಬಂತು. ಹದಿನೈದು ದಿನ ಆ ಹಳೆಯ ಪುಸ್ತಕದ ಮುಂದೆ ಕುಳಿತೆ. ಮೊದಲ ಚೆಂಡು ಮೂರನೇ ದಿನವೇ ಕೋಟೆಯ ಕಂದಕಕ್ಕೆ ಬಿದ್ದದ್ದು ಅದರಲ್ಲಿದೆ. ನಲವತ್ತೊಂದರಲ್ಲಿ ಹೈದರಾಬಾದಿನ ಸಿಪಾಯಿಗಳ ಪಲ್ಟನ್ ತಂಡದೆದುರು ಒಂಬತ್ತು ಗೋಲಿನಿಂದ ಸೋತು ಬಂದದ್ದು, ಊಟ ಮಾತ್ರ ಚೆನ್ನಾಗಿತ್ತು ಎಂದು ಸಾಹೇಬರು ಪಕ್ಕದಲ್ಲಿ ಬರೆದದ್ದೂ ಇದೆ. ಪೊಲೀಸ್ ಆ್ಯಕ್ಷನ್ ಆದ ನಲವತ್ತೆಂಟರ ಪುಟಗಳು ಖಾಲಿ. ಆಮೇಲೆ ಐವರು ಆಟಗಾರರ ಹೆಸರು ಪುಸ್ತಕದಲ್ಲಿ ಮತ್ತೆ ಬರುವುದೇ ಇಲ್ಲ. ಆ ಖಾಲಿ ಪುಟದ ಹತ್ತಿರ ಬಂದಾಗ ಸಾಹೇಬರು ಎದ್ದು ಹೊರಗೆ ಹೋದರು. ಉಳಿದವರನ್ನು ಮನೆಮನೆಗೆ ಹೋಗಿ ಕರೆತಂದು, ಬಗದಲ್‌ನಿಂದ ಇಬ್ಬರನ್ನು, ಖಟಕ ಚಿಂಚೋಳಿಯ ಹೊಲದಿಂದ ನಿನ್ನನ್ನು ಹುಡುಕಿ ತಂದು ಮತ್ತೆ ತಂಡ ಕಟ್ಟಿದವರು ಅವರೇ.

ಐವತ್ಮೂರರ ಸೂಬಾ ಕಪ್ಪು ನಿನಗೆ ನಾನು ಹೇಳಬೇಕೇ? ಗುಲಬರ್ಗಾದ ಮೈದಾನ, ಎದುರಿಗೆ ಬೂಟು ಹಾಕಿದ ರೈಲ್ವೆ ತಂಡ, ನಮ್ಮದು ಬರಿಗಾಲಿಗೆ ಸುತ್ತಿದ ಪಟ್ಟಿ. ಆಟ ಮುಗಿಯಲು ಎರಡು ನಿಮಿಷವಿತ್ತು. ನಾನು ಬಲಗಡೆಯಿಂದ ಚೆಂಡು ಕೊಟ್ಟೆ, ನೀನು ಹೊಡೆದೆ. ನಮ್ಮ ಕ್ಲಬ್ಬಿನ ಹತ್ತೊಂಬತ್ತು ವರ್ಷದಲ್ಲಿ ಅಂಥ ಗೋಲು ಇನ್ನೊಂದಿಲ್ಲ. ಸಾಹೇಬರು ಬರೆದದ್ದು ಒಂದೇ ಸಾಲು: ಗೋಲು ಕಾಶೀರಾಮ, ಚೆಂಡು ಕೊಟ್ಟವನು ಮಡೆಪ್ಪ.

ನಾನು ಕನ್ನಡದಲ್ಲಿ ಬರೆದೆ: ಗೋಲು ಮಡೆಪ್ಪ, ಚೆಂಡು ಕೊಟ್ಟವನು ಕಾಶೀರಾಮ.

ಚೆಂಡು ಕೊಡದಿದ್ದರೆ ಅವನು ಹೊಡೆಯುತ್ತಿದ್ದನೇ ಎಂದು ಬರೆಯುವಾಗ ನನಗೆ ನಾನೇ ಹೇಳಿಕೊಂಡೆ. ಅವನಿಗೆ ಓದು ಬರುವುದಿಲ್ಲ, ಪರಸ್ಥಳದಲ್ಲಿ ಒದ್ದಾಡುತ್ತಾನೆ ಎಂದೂ ಹೇಳಿಕೊಂಡೆ. ಇದೆಲ್ಲ ನೆಪ. ಆ ಕೆಲಸ ನನಗೆ ಬೇಕಾಗಿತ್ತು, ನಿನ್ನ ಕಾಲು ಕಂಡರೆ ನನಗೆ ಹೊಟ್ಟೆಕಿಚ್ಚು. ಅದು ಆ ಗೋಲಿನ ದಿನದಿಂದಲೇ ಇತ್ತು.

ಬರೆದದ್ದನ್ನು ಸಾಹೇಬರ ಮುಂದಿಟ್ಟಾಗ ಅವರು ಕನ್ನಡಕ ಏರಿಸಿ, ಓದಲು ಬಾರದ ಆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಎಲ್ಲಾ ಬರೋಬರಿ ಬರದೀ ಏನು ಬೇಟಾ?" ಎಂದರು. "ಬರೋಬರಿ ಅದರಿ ಸಾಹೇಬ್ರ" ಎಂದೆ. ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿ ನನ್ನ ಬೆನ್ನು ತಟ್ಟಿದರು.

ಮರುದಿನ ನೀನು ಸಂತೆಗೆಂದು ಬೀದರಕ್ಕೆ ಬಂದೆ. ಕ್ಲಬ್ಬಿನ ಖೋಲಿಯಲ್ಲಿ ನಾನೊಬ್ಬನೇ ಇದ್ದೆ, ಆ ಹಾಳೆಗಳು ಮೇಜಿನ ಮೇಲಿದ್ದವು. "ಗೋಲ್ ಹೊಡದಲ್ಲಿ ನನ್ನ ಹೆಸರು ಎಲ್ಲದ? ತೋರಸು, ಒಮ್ಮಿ ನೋಡ್ತೇನಿ" ಎಂದು ನೀನು ಕೇಳಿದೆ. ನಾನು ನಿನ್ನ ಬೆರಳು ಹಿಡಿದು ನನ್ನ ಹೆಸರಿನ ಮೇಲೆ ಇಟ್ಟೆ. ನೀನು ಬಹಳ ಹೊತ್ತು ನೋಡಿದೆ. ಆಮೇಲೆ ಅದನ್ನು ಒಂದು ಚೀಟಿಯ ಮೇಲೆ ಬರೆದುಕೊಡು ಎಂದೆ. ಹಾಳೆ ಎದುರಿಗೇ ಇತ್ತು, ಬೇರೆ ಅಕ್ಷರ ಬರೆದರೆ ನೀನು ಹೋಲಿಸಿ ಕಂಡುಹಿಡಿಯುತ್ತೀ ಎಂಬ ಭಯ. ಮಡೆಪ್ಪ ಎಂದೇ ಬರೆದುಕೊಟ್ಟೆ. ನೀನು ಅದನ್ನು ಮಡಚಿ ತಲೆಗೆ ಸುತ್ತಿದ ಪಟಗಾದ ಒಳಗೆ ಇಟ್ಟುಕೊಂಡೆ.

ಗಿರಣಿಯಿಂದ ನನಗೆ ಕರೆ ಬಂತು. ಜುಲೈ ಒಂದಕ್ಕೆ ಹಾಜರಾಗಬೇಕು. ಕಲಿತವನೆಂದು ಆರಿಸಿದ್ದಾರೆ ಎಂದು ಕ್ಲಬ್ಬಿನಲ್ಲಿ ಎಲ್ಲರೂ ತಿಳಿದರು, ನೀನೂ ಹಾಗೇ ತಿಳಿದು ಖುಷಿಪಟ್ಟೆ. ಔರಾದಿನಲ್ಲಿ ನನ್ನ ಮಾವ ಹಾವಗೆಪ್ಪನವರು ನೆಂಟರನ್ನು ಕರೆಸಿ ಹಾರ ಹಾಕಿಸಿದರು. ಗೋಲು ಹೊಡೆದವನೆಂದೇ ಆರಿಸಿದ್ದೇವೆ ಎಂದು ಗಿರಣಿಯವರು ಬರೆದದ್ದನ್ನು ಅವರು ಓದಿದ್ದರು, ಆ ಗೋಲಿನ ಕಥೆ ಹೇಳಿರಿ ಅಳಿಯಂದಿರೇ ಎಂದರು. ಅಲ್ಲಿ ಆ ಆಟ ನೋಡಿದವರು ಯಾರೂ ಇರಲಿಲ್ಲ. ನೀನು ಓಡಿದ್ದನ್ನು, ಇಬ್ಬರನ್ನು ದಾಟಿದ್ದನ್ನು, ಎಡಗಾಲಿನಿಂದ ಹೊಡೆದದ್ದನ್ನು ನನ್ನದೆಂದು ಹೇಳಿದೆ. ನನ್ನ ಹೆಂಡತಿ ಶಿವಕಾಂತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅವಳ ಮುಖದ ಹಿಗ್ಗು ನೋಡಿ ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಕಥೆ ನಿಲ್ಲಿಸಲಿಲ್ಲ.

ಎಂಟು ದಿನದ ಹಿಂದೆ ಶನಿವಾರ, ಗಿರಣಿಗೆ ಹೊರಡುವ ಮುಂಚೆ ನಿನಗೆ ಹೇಳಿಹೋಗೋಣವೆಂದು ಭಾಲ್ಕಿಯಲ್ಲಿ ಪೇಢೆ ಕಟ್ಟಿಸಿಕೊಂಡು ನಿಮ್ಮೂರ ಬಸ್ಸು ಹತ್ತಿದೆ. ನೀನು ಹೊಲದಲ್ಲಿದ್ದೆ. ನಿನ್ನ ಮನೆಯಾಕೆ ಜಿಜಾಬಾಯಿ ವೈನಿ ಒಳಗೆ ಕರೆದು ನೀರು ಕೊಟ್ಟರು. ಬೀಸುವ ಕಲ್ಲಿನ ಮೇಲಿನ ಗೋಡೆಯಲ್ಲಿ ಸುಣ್ಣದಿಂದ ಗೇಣುದ್ದದ ಅಕ್ಷರಗಳು. ಸೊಟ್ಟಗಿದ್ದವು, ಆದರೂ ಓದಲು ಬರುವಂತಿದ್ದವು. ನಿನ್ನ ಮನೆಯ ಗೋಡೆಯ ತುಂಬ ನನ್ನ ಹೆಸರು.

ವೈನಿ ಹೇಳಿದರು, "ಮುಂಜಾನಿ ಎದ್ದಕೂಡ್ಲೆ ಅದನ್ನ ತಿದ್ದತಾರ್ರಿ. ಮೈಸೂರು ರಾಜ್ಯದ ತನಕ ನನ್ನ ಹೆಸರು ಹೋಗ್ಯದ ಅಂತಾರ. ಬರೋಬರಿ ಬರದಾರೇನ್ರಿ?"

ನಾನು ಹೌದೆಂದೆ, ಕಾಶೀರಾಮ. ಅಷ್ಟಾದ ಮೇಲೂ ಹೌದೆಂದೆ. ಪೇಢೆಯ ಪುಡಿಕೆ ಅಲ್ಲೇ ಇಟ್ಟು, ನೀನು ಬರುವ ತನಕ ಕೂಡಲಾರದೆ ಬಸ್ಸು ಹಿಡಿದೆ. ಅಂದಿನಿಂದ ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ಓಗೊಡಲು ನಾಚಿಕೆಯಾಗುತ್ತದೆ.

ನಿನಗೀಗ ಇಪ್ಪತ್ತಾರು. ಇನ್ನೆರಡು ವರ್ಷ ಹೋದರೆ ಯಾವ ಗಿರಣಿಯೂ ನಿನ್ನನ್ನು ಕರೆಯುವುದಿಲ್ಲ, ಹೊಲದ ಕೂಲಿಯೇ ಕಾಯಂ ಆಗುತ್ತದೆ. ಅದಕ್ಕೇ ನಿಜವನ್ನೆಲ್ಲ ಬರೆದು ಗಿರಣಿಯವರಿಗೆ ನಿನ್ನೆಯೇ ಅಂಚೆಗೆ ಹಾಕಿದ್ದೇನೆ. ಸಾಹೇಬರಿಗೂ ಹೇಳಿದೆ. ಅವರು ಬೈಯಲಿಲ್ಲ. ಹಳೆಯ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಗೆ ಬೀಗ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಕ್ಷಮೆ ಕೇಳಲು ಬಾಯಿ ಬರುತ್ತಿಲ್ಲ. ಆ ಗೋಡೆಯನ್ನು ಇವತ್ತೇ ಸಾರಿಸಿಬಿಡು.

ಗೆಳೆಯನೆಂದು ಬರೆಯಲು ಧೈರ್ಯ ಸಾಲದ,
ಮಡೆಪ್ಪ

ತಾ.ಕ.: ಗಿರಣಿಯವರಿಗೆ ಬರೆದ ಕಾಗದವನ್ನು ಅಂಚೆಗೆ ಹಾಕಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಮೂರು ಸಲ ಟಪಾಲು ಡಬ್ಬಿಯ ತನಕ ಹೋದೆ, ಕೈ ಏಳಲಿಲ್ಲ. ಅದು ಇದೇ ಲಕೋಟೆಯಲ್ಲಿದೆ, ಅಂಟಿಸಿಲ್ಲ, ಟಿಕೀಟು ಹಚ್ಚಿದ್ದೇನೆ. ಮಾಸ್ತರರಿಂದ ಪೂರಾ ಓದಿಸಿ ಕೇಳಿ ನೀನೇ ಹಾಕು. ಬೇಗ ಹಾಕು. ನಡುವೆ ನಾನು ನಿಮ್ಮೂರಿಗೆ ಬಂದು ಅದನ್ನು ತಿರುಗಿ ಕೇಳಿದರೆ, ಅತ್ತು ಕರೆದು ಕೇಳಿದರೂ, ನನ್ನ ಕೈಗೆ ಕೊಡಬೇಡ.