ಹೊತ್ತು ಮುಳುಗುವ ಮೊದಲು ಮನೆ ಸೇರಿದ ಕಾರು

ಡಿಸೆಂಬರ್ 14, ಆದಿತ್ಯವಾರ

ಹೊಸ ಐ20 ಎನ್ ಲೈನೋ, ದೊಡ್ಡಪ್ಪನ ಮಗ ಅಂಕಿತಣ್ಣ ಮಾರಲಿಕ್ಕಿಟ್ಟ ಹಳೆಯ ಪೋಲೊ ಜಿಟಿ ಕಾರೋ? ಯಾವುದಕ್ಕೆ ದುಡ್ಡು ಹಾಕುವುದೆಂದು ತಿಂಗಳಿನಿಂದ ತಲೆ ಕೆಟ್ಟುಹೋಗಿದೆ.

ಇವತ್ತು ಓಡಿಸಿ ನೋಡಲೆಂದು ಪೋಲೊದಲ್ಲೇ ಅಮ್ಮನನ್ನು ದೂರದ ನೆರಿಯ ಊರಿನ ಮಾವನ ಮನೆಗೆ ಕರೆದುಕೊಂಡು ಹೋಗಿದ್ದೆ. ಮಾತು ಮುಗಿದು ಹೊರಡುವಾಗಲೇ ಸಂಜೆ. ನಮ್ಮ ಜೈನರ ಕ್ರಮದಂತೆ ಹೊತ್ತು ಮುಳುಗಿದ ಮೇಲೆ ಅಮ್ಮ ಉಣ್ಣುವವರಲ್ಲ. "ನನಗಿವತ್ತು ಉಪವಾಸವೇ. ನೀನು ನಿಧಾನ ಹೋಗು" ಎಂದರು.

ಎಂಥಾ ಎಂಜಿನಪ್ಪಾ ಅದು! ಕಾಲು ಒತ್ತುವುದೇ ಬೇಡ, ಮನಸ್ಸಿನಲ್ಲಿ ನೆನೆದರೆ ಸಾಕು, ಏರು ತಿರುವುಗಳೆಲ್ಲ ಹಿಂದೆ. ಅಳದಂಗಡಿಯ ನಮ್ಮ ಅಂಗಳ ಸೇರಿದಾಗ ಸೂರ್ಯ ಗುಡ್ಡದ ಮೇಲೆ ಇನ್ನೂ ಕೆಂಪಗೆ ಕೂತಿದ್ದ. ನಂಬಲಿಕ್ಕೇ ಆಗಲಿಲ್ಲ.

ಅಮ್ಮ ಉಂಡು ಬಂದು ಬಿಸಿ ಬಾನೆಟ್ ಸವರಿದರು. "ಇದಕ್ಕೆ ಕತ್ತಲಾದ ಮೇಲೆ ಉಣ್ಲಿಕ್ಕೆ ಆಗ್ತದಲ್ಲ ಮಗಾ?"

ಟ್ಯಾಂಕ್ ತುಂಬಿಸಿ ಬಂದೆ. ಕೀ ಇನ್ನು ಅಂಕಿತಣ್ಣನಿಗೆ ಸಿಗುವುದಿಲ್ಲ.