ತಂಗಿ ಬಂದು ಕೊಯ್ಯುವ ಕಾಯಿ

ಮಾರ್ಚ್ 15, ಭಾನುವಾರ

ಮಿಷನ್‌ಗೆ ಎಣ್ಣೆ ಬಿಟ್ಟೆ. ಅಂಗಡಿ ಗುಡಿಸಿದೆ. ಒಳಗೆ ಬಂದರೆ ತಂಗಿ ಅಡುಗೆಮನೆ ಕಿಟಕಿಯಲ್ಲಿ ಖಾಲಿ ಡಬ್ಬಿ ಸಾಲಾಗಿಟ್ಟು ಮಣ್ಣು ತುಂಬುತ್ತಿದ್ದಾಳೆ. ಝುಕಿನಿ ಬೀಜವಂತೆ, ನೋಡಲು ಸೌತೆಯಂಥ, ಕುಂಬಳದ ಜಾತಿಯ ಸೀಮೆ ಕಾಯಿ. ಬಟನ್ ಅಂಗಡಿಯವನು ಕೊಟ್ಟನಂತೆ. ನಾಳೆ ಆಸ್ಪತ್ರೆ ಸೇರುವವಳಿಗೆ ಇವತ್ತೇ ಆಗಬೇಕಿತ್ತು ಈ ಕೆಲಸ.

"ಬೀಜ ಮಲಗಿಸ್ಬೇಡ ಅಕ್ಕ, ನಿಲ್ಲಿಸಿ ಹೂಳು. ಇಲ್ದಿದ್ರೆ ಕೊಳೆಯುತ್ತೆ. ಕಾಯಿ ಬಿಡೋ ಹೊತ್ತಿಗೆ ನಾನು ಬಂದಿರ್ತೀನಿ. ಮೊದಲನೇದು ನಾನೇ ಕೊಯ್ಯೋದು. ನಿನ್ನ ಕೈಗೆ ಕತ್ತರಿ ಕೊಟ್ರೆ ಮುಗೀತು."

ಸುಳ್ಳಲ್ಲ. ಈ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವಳು, ಹೊಲಿಯುವುದು ನಾನು. ಶುರುವಿನಲ್ಲಿ ಒಂದೇ ಒಂದು ಸಲ ಕತ್ತರಿ ಹಿಡಿದಿದ್ದೆ. ಕೋಟಿನ ಎರಡು ತೋಳೂ ಎಡಗೈಗೇ ಆಗಿದ್ದವು. ಇವತ್ತಿಗೂ ನೆನೆಸಿಕೊಂಡು ನಗುತ್ತಾಳೆ. ಇವತ್ತೂ ನಕ್ಕಳು. ಹೊಟ್ಟೆ ಹಿಡಿದುಕೊಂಡು ಕೂತಳು ಆಮೇಲೆ.

ಮಾರ್ಚ್ 24

ಮೊಳಕೆ ಬಂದಿವೆ. ಬೀಜದ ಸಿಪ್ಪೆಯನ್ನು ತಲೆಗೆ ಹಾಕಿಕೊಂಡೇ ಎದ್ದಿವೆ, ಟೋಪಿ ತೆಗೆಯಲು ಮರೆತವರ ಹಾಗೆ.

ಆಪರೇಷನ್ ಆಯಿತು. ಆಯಿತು ಎನ್ನುವುದೂ ತಪ್ಪು. ಬಿಚ್ಚಿ ನೋಡಿ, ಏನೂ ತೆಗೆಯದೆ ಹಾಗೇ ಹೊಲಿದರಂತೆ. ಗಡ್ಡೆ ಎಲ್ಲೆಡೆ ಹಬ್ಬಿದೆ, ಇನ್ನು ಔಷಧಿಯಲ್ಲೇ ನೋಡೋಣ ಎಂದರು. ನಮ್ಮ ಅಂಗಡಿಯಲ್ಲಿ ಹೀಗೆ ಮಾಡಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ನಾನೋ, ತಲೆಯಾಡಿಸಿ ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ನನ್ನ ಮೇಲೆ ನನಗೇ ಸಿಟ್ಟು.

ಏಪ್ರಿಲ್ 6

ಒಂದೇ ಸಸಿ ಉಳಿದದ್ದು. ಉಳಿದವನ್ನೆಲ್ಲ ಬಸವನಹುಳು ತಿಂದು ಹಾಕಿತು. ಆ ಒಂದನ್ನು ಹಿತ್ತಲಲ್ಲಿ ಬಟ್ಟೆ ಒಣಗಿಸುವ ಕಂಬದ ಹತ್ತಿರ ನೆಟ್ಟೆ. ತಂಗಿಗೆ ಎಲ್ಲವೂ ಚೆನ್ನಾಗಿವೆ ಎಂದೆ.

ಕತ್ತರಿಸಬೇಕಾದ ಬಟ್ಟೆ ಕಪಾಟಿನಲ್ಲಿ ತುಂಬುತ್ತಿದೆ. ಬಂದವರಿಗೆಲ್ಲ ಮುಂದಿನ ವಾರ ಎನ್ನುತ್ತಿದ್ದೇನೆ. ಡಾಕ್ಟರೂ ನನಗೆ ಅದನ್ನೇ ಹೇಳುತ್ತಾರೆ — ಮನೆಗಾ? ಮುಂದಿನ ವಾರ ನೋಡೋಣ.

ಏಪ್ರಿಲ್ 29

ಹೂವೋ ಹೂವು. ಅಂಗೈಯಗಲದ ಹಳದಿ. ಕಾಯಿ ಮಾತ್ರ ಇಲ್ಲ. ಫೋನ್ ಮಾಡಿ ಕೇಳಿದೆ.

"ಅವೆಲ್ಲ ಗಂಡು ಹೂವು ಕಣೇ. ಮೊದ್ಲು ಅವೇ ಬರೋದು. ಬೆಳಿಗ್ಗೆ ಮೆರೆದು ಮಧ್ಯಾಹ್ನಕ್ಕೆ ಮುದುಡ್ಕೊಳ್ತವೆ. ಅದಕ್ಕೇ ನಾವಿಬ್ರೂ ಮದುವೆ ಆಗ್ಲಿಲ್ಲ ನೋಡು."

ನಕ್ಕೆವು. ಅವಳ ಉಸಿರು ಕಟ್ಟಿತು. ಪಕ್ಕದ ಹಾಸಿಗೆಯ ಹೆಂಗಸು ಫೋನ್ ತೆಗೆದುಕೊಂಡು "ಆಮೇಲೆ ಮಾಡಿ" ಎಂದಳು.

ಮೇ 8

ಹೆಣ್ಣು ಹೂವು ಬಂತು, ಬುಡದಲ್ಲಿ ಬೆರಳುದ್ದದ ಪುಟ್ಟ ಕಾಯಿ. ಜೇನುಹುಳು ಒಂದೂ ಕಾಣಲಿಲ್ಲ. ಅವಳು ಹೇಳಿಕೊಟ್ಟಂತೆ ಗಂಡು ಹೂವಿನ ದಳ ಕಿತ್ತು, ಉಳಿದ ಕೇಸರವನ್ನು ಹೆಣ್ಣು ಹೂವಿನೊಳಗೆ ಸವರಿದೆ. ಬೇಲಿಯಾಚೆಯ ಮುದುಕಪ್ಪ ಪಿಳಿಪಿಳಿ ನೋಡುತ್ತಿದ್ದ. ನಾಚಿಕೆಯಾಯಿತು.

ಮೇ 13

ಗೇಣುದ್ದ ಆಗಿದೆ. ಕಡುಹಸಿರು, ಹೊಳೆಯುತ್ತಿದೆ. ಸೌತೆಕಾಯಿಗೆ ಮದುವೆ ಕೋಟು ಹೊಲಿಸಿದ ಹಾಗಿದೆ.

"ಗೇಣುದ್ದ ಆದ ಕೂಡ್ಲೇ ಹೇಳು" ಎಂದಿದ್ದಳು. ಹೇಳಲಿಲ್ಲ. ಹೇಳಿದರೆ ನೀನೇ ಕೊಯ್ದುಬಿಡು ಎನ್ನುತ್ತಾಳೆ. ನಾನು ಕೊಯ್ದರೆ ಅವಳು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹುಚ್ಚು ಯೋಚನೆ, ಗೊತ್ತು. ಇರಲಿ.

ಮೇ 21

ಕಾಯಿ ಈಗ ಮೊಳದುದ್ದ. ದಪ್ಪ ಕೇಳಲೇಬೇಡಿ. ನೆಲಕ್ಕೆ ತಾಗದಿರಲಿ ಎಂದು ಕೆಳಗೆ ಹಳೇ ದಿಂಬು ಇಟ್ಟಿದ್ದೇನೆ. ಬೇರೆ ಕಾಯಿಗಳು ಬೆರಳುದ್ದಕ್ಕೇ ಹಳದಿಯಾಗಿ ಉದುರುತ್ತಿವೆ. ಹೊಸ ಹೂವೂ ಇಲ್ಲ. ಯಾಕೋ ತಿಳಿಯದು.

ಆಸ್ಪತ್ರೆಗೆ ಹೋದರೆ, "ಎಷ್ಟು ಬಿಟ್ಟಿವೆ?" ಎಂದಳು ತಂಗಿ.

"ತುಂಬಾ. ಬೀದಿಯವರಿಗೆಲ್ಲ ಕೊಟ್ಟೆ."

"ಕಳ್ಳಿ. ಹಾಗಿದ್ರೆ ಮೊದಲನೇದು ಕೊಯ್ದೇಬಿಟ್ಯಾ?"

ನರ್ಸ್ ಬಂದಳು, ಬಚಾವಾದೆ.

ಮೇ 30, ಶನಿವಾರ

ಡಾಕ್ಟರ್ ಕರೆಸಿದರು. ಮನೆಗೆ ಕರ್ಕೊಂಡು ಹೋಗಿ ಎಂದರು.

ಖುಷಿಯಿಂದ ಕೈ ಮುಗಿದೆ. ಯಾವಾಗ ತೋರಿಸೋಕೆ ಕರ್ಕೊಂಡು ಬರ್ಲಿ ಸಾರ್, ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಬರಬೇಕಾಗಿಲ್ಲಮ್ಮ, ಎಂದರು.

ಈ ಮಾತು ಕೇಳಲೆಂದೇ ಇಷ್ಟು ದಿನ ಕಾದಿದ್ದೆ.

ಮೇ 31

ಬಂದಳು. ಎತ್ತಿಕೊಂಡೇ ಬಂದೆವು, ಟ್ಯಾಕ್ಸಿಯವನೂ ನಾನೂ. ಭಾರವೇ ಇಲ್ಲ.

ಹಿತ್ತಲು ನೋಡಬೇಕು ಎಂದು ಹಟ. ಕುರ್ಚಿ ಹಾಕಿದೆ. ಗಿಡ ನೋಡಿದಳು, ದಿಂಬಿನ ಮೇಲಿನ ಕಾಯಿ ನೋಡಿದಳು, ನನ್ನನ್ನು ನೋಡಿದಳು.

"ಯಾಕೇ ಇದನ್ನ ಇಷ್ಟು ಬಲಿಯೋಕೆ ಬಿಟ್ಟೆ? ಒಂದು ಕಾಯಿ ಬಲಿತ್ರೆ ಗಿಡ ಮುಂದಕ್ಕೆ ಬಿಡೋದೇ ಇಲ್ಲ. ತನ್ನ ಕೆಲ್ಸ ಮುಗೀತು ಅಂದ್ಕೊಳ್ಳುತ್ತೆ."

"ನೀನು ಕೊಯ್ತೀನಿ ಅಂದಿದ್ದೆ."

ಆಮೇಲೆ ಬೈಯಲಿಲ್ಲ. ಕತ್ತರಿ ತಾ ಎಂದಳು. ತಂದುಕೊಟ್ಟೆ. ಬೆರಳು ತೂರಿಸಿದಳು, ಎತ್ತಲಾಗಲಿಲ್ಲ. ಮಡಿಲಲ್ಲೇ ಇಟ್ಟುಕೊಂಡಳು.

"ನೀನೇ ಕೊಯ್ಯಿ. ತೊಟ್ಟು ಬಿಟ್ಟು ಕೊಯ್ಯಿ."

ಕೊಯ್ದೆ. ಸೀಳಿದರೆ ಒಳಗೆ ಬರೀ ನಾರು. ಬೇಯಿಸಿದೆ, ಬೇಯಲಿಲ್ಲ. ಒಂದು ಚಮಚ ರಸ ಬಾಯಿಗೆ ಹಾಕಿದೆ. "ಚೆನ್ನಾಗಿದೆ" ಎಂದಳು. ಚೆನ್ನಾಗಿರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಜೂನ್ 3

ಅಂಗಡಿಯ ಹಿಂದಿನ ಕೋಣೆಗೆ ಮಂಚ ಹಾಕಿಸಿಕೊಂಡಳು. ಕಪಾಟು ತೆಗೆಸಿ ಬಟ್ಟೆ ನೋಡಿದಳು. "ಇವರೆಲ್ಲ ಬೆತ್ತಲೆ ತಿರುಗ್ಬೇಕಾ? ಹಿಡಿ ಕತ್ತರಿ. ನಾನು ಹೇಳ್ತೀನಿ, ನೀನು ಕತ್ತರಿಸು."

ಮಲಗಿದಲ್ಲಿಂದಲೇ ಹೇಳುತ್ತಾಳೆ. ಲಂಗ ಒಂದು ಪಾಸಾಯಿತು. ಶರ್ಟಿನ ತೋಳು — ಒಂದು ಎಡ, ಒಂದು ಬಲ. ತೋರಿಸಿದೆ. ಕಣ್ಣಲ್ಲೇ ನಕ್ಕಳು.

ಜೂನ್ 7

ಗಿಡ ಕಿತ್ತು ಹಾಕಿದೆ. ಎಲೆಯೆಲ್ಲ ಬೂದಿ ಬಳಿದಂತಾಗಿತ್ತು.

ಅವಳ ದನಿ ಸಣ್ಣಗಾಗಿದೆ. ಮಿಷನ್ ನಿಲ್ಲಿಸಿದರೆ ಮಾತ್ರ ಕೇಳಿಸುತ್ತದೆ. ಹಾಗಾಗಿ ಹೊಲಿಯುತ್ತಿಲ್ಲ. ಬರೀ ಕತ್ತರಿಸುತ್ತಿದ್ದೇನೆ.

ಜೂನ್ 9, ಮಧ್ಯಾಹ್ನ

ಸಂಗೀತದ ಟೀಚರಮ್ಮನ ಫ್ರಾಕು. ಬೆನ್ನಿನ ಭಾಗ ಆಯಿತು. ಕೊರಳು ಎಷ್ಟು ಇಳಿಸಲಿ ಎಂದು ಕೂಗಿದೆ. ಉತ್ತರವಿಲ್ಲ. ಆಗಾಗ ಹೀಗೆ ಕಣ್ಣು ಹತ್ತುತ್ತದೆ ಅವಳಿಗೆ. ಎದ್ದು ಹೇಳಲಿ ಎಂದು ಇದನ್ನು ಬರೆಯುತ್ತ ಕೂತೆ.

ಇನ್ನೊಮ್ಮೆ ಕೂಗಿದೆ.

ನಾಲ್ಕು ಹೆಜ್ಜೆ ಹೋಗಿ ನೋಡಿದರಾಯಿತು. ಹೋಗದೆ ಬರೆಯುತ್ತಲೇ ಇದ್ದೇನೆ. ಟೀಚರಮ್ಮ ಸಂಜೆ ಬರುತ್ತಾಳೆ, ಕೊರಳು ಎಷ್ಟು ಎಂದು ತಂಗಿ ಒಂದು ಮಾತು ಹೇಳಿಬಿಟ್ಟರೆ ನಾನು…